ಮುಕ್ತಿಯಾರನ ಗದ್ದ ಒಂದು ಸೆಂಟಿಮೀಟರ್ ಮುಂದಕ್ಕೆ

ರಂಜಾನ್ ತಿಂಗಳ ಹದಿನೇಳನೆಯ ದಿನ ಸಿಂಧನೂರಿನ ಒಂದು ಓಣಿ ಇಡಿಯಾಗಿ ಉಪವಾಸ ಮಾಡಿತು. ರಂಜಾನಿನಲ್ಲಿ ಓಣಿ ಉಪವಾಸ ಮಾಡುವುದೇನೂ ಸುದ್ದಿಯಲ್ಲ. ನಸುಕಿನ ಸಹರಿ ಊಟ ತಪ್ಪಿಸಿಕೊಂಡು, ಹಿಂದಿನ ರಾತ್ರಿಯ ಅನ್ನದ ಮೇಲೆಯೇ ಉಪವಾಸ ಮಾಡಿದ್ದು ಸುದ್ದಿ. ಅಜಾನ್ ಕೇಳಿ ಎಲ್ಲರೂ ಎದ್ದಾಗ ಉಣ್ಣುವ ಹೊತ್ತು ಮೀರಿತ್ತು. ಅದಕ್ಕೂ ಮೊದಲು ಎಬ್ಬಿಸಬೇಕಾದವನು ಮಲಗಿಬಿಟ್ಟಿದ್ದ.

ಎಬ್ಬಿಸಬೇಕಾದವನ ಹೆಸರು ಮುಕ್ತಿಯಾರ್. ವಯಸ್ಸು ಮೂವತ್ತೊಂದು. ಪ್ರಚಾರದ ಆಟೋ ಅವನದು. ತಲೆಯ ಮೇಲೆ ಎರಡು ಹಾರ್ನ್ ಸ್ಪೀಕರು, ಎದೆಯ ಮೇಲೆ ಒಂದು ಮೈಕು. ಬಟ್ಟೆ ಅಂಗಡಿಯ ಆಫರಿನಿಂದ ಹಿಡಿದು ಕಳೆದುಹೋದ ಆಡಿನವರೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸಂಗತಿಗಳೆಲ್ಲ ಅವನ ಬಾಯಿಯಿಂದಲೇ ಹೊರಡಬೇಕು. ಹೊರಡುವಾಗ ಸಿನಿಮಾ ಆಗಿಯೇ ಹೊರಡಬೇಕು. ನಲ್ಲಿ ನೀರು ಎರಡು ದಿನ ಬರುವುದಿಲ್ಲ ಎನ್ನುವುದನ್ನು ಕೂಡ ಅವನು ವಿಲನ್ ದನಿಯಲ್ಲಿ, ಕೊನೆಗೊಂದು ನಗು ಸೇರಿಸಿ ಹೇಳುತ್ತಿದ್ದ. ಸಾವಿನ ಸುದ್ದಿಗೆ ಮಾತ್ರ ಸಿನಿಮಾ ಬಿಟ್ಟು ಮನುಷ್ಯನಾಗುತ್ತಿದ್ದ.

ರಂಜಾನಿನಲ್ಲಿ ನಸುಕಿನಲ್ಲಿ ಓಣಿ ಎಬ್ಬಿಸುವುದು ಅವನ ಸೇವೆ. ಎಲ್ಲರ ಮನೆಯಲ್ಲೂ ಫೋನಿತ್ತು, ಫೋನಿನಲ್ಲಿ ಅಲಾರಾಂ ಇತ್ತು. ಆದರೆ ಅಲಾರಾಂ ಬಾಯಿ ಮುಚ್ಚಿಸಲು ಒಂದು ಬೆರಳು ಸಾಕು. ಮುಕ್ತಿಯಾರನ ಬಾಯಿ ಮುಚ್ಚಿಸಲು ಇನ್ನೂ ಯಾರಿಂದಲೂ ಆಗಿರಲಿಲ್ಲ.

"ಅಕ್ಕಾರೇ, ಒಲಿ ಹಚ್ರಿ! ನೀವು ಏಳೋತನಕ ಈ ಮುಕ್ತಿಯಾರ್ ಇಲ್ಲಿಂದ ಕದಲಂಗಿಲ್ಲ. ಇದು ಧಮ್ಕಿ ಅಲ್ಲ, ಬರೇ ಟ್ರೇಲರು!"

ಹದಿನೇಳನೆಯ ದಿನ ಅವನು ಓಣಿಯ ಮೂಲೆಯಲ್ಲಿ ಆಟೋ ನಿಲ್ಲಿಸಿ, ಮೈಕು ಚಾಲೂ ಮಾಡಿ, ಬಾಯಿ ತೆರೆಯುವ ಮೊದಲೇ ನಿದ್ದೆ ಹೋದ. ಬಾಯಿ ಆಮೇಲೆ ತಾನಾಗಿಯೇ ತೆರೆಯಿತು. ನಲವತ್ತು ನಿಮಿಷ ಅವನ ಗೊರಕೆ ಎರಡು ಸ್ಪೀಕರಿನಲ್ಲಿ ಓಣಿಯ ತುಂಬ ಹರಡಿತು. ಅರೆಎಚ್ಚರವಾದವರು, ಯಾರೋ ಇಷ್ಟು ಗಾಢವಾಗಿ ಮಲಗಿದ್ದಾರೆಂದರೆ ಇನ್ನೂ ಬಹಳ ರಾತ್ರಿ ಇದೆ ಎಂದುಕೊಂಡು ಮಗ್ಗುಲು ಬದಲಿಸಿದರು.

ಬೆಳಿಗ್ಗೆ ಮಸೀದಿಯ ಮುಂದಿನ ಕಟ್ಟೆಗೆ ಅವನನ್ನು ಕರೆಸಿದರು. ಯಾರೂ ಬೈಯಲಿಲ್ಲ. ಬೈಯಲು ಶಕ್ತಿ ಬೇಕು, ಆ ಶಕ್ತಿ ಸಹರಿಯಿಂದ ಬರಬೇಕು. ಪೀರ್‌ಸಾಬ್ ಒಬ್ಬನೇ ಮಾತಾಡಿದ. ಮೂವತ್ತು ವರ್ಷ ಅಕ್ಕಿ ಮಿಲ್ಲಿನಲ್ಲಿ ಚೀಲ ಎಣಿಸಿ ಮುಪ್ಪಾದವನು. ಏನು ಕಂಡರೂ, ಏನು ಕೇಳಿದರೂ ಎಣಿಸುವುದು ಅವನ ಚಾಳಿ.

"ಗೊರಕಿ ಬಗ್ಗೆ ನಂದೇನೂ ತಕರಾರಿಲ್ಲಪಾ," ಎಂದ ಪೀರ್‌ಸಾಬ್. "ನಡುನಡುವ ನಿಂತ್ಹೋಗ್ತಿತ್ತಲ್ಲ, ಅದು ಸರಿ ಇಲ್ಲ. ಉಸಿರ ಇಲ್ಲ, ಸಪ್ಪಳ ಇಲ್ಲ. ಒಂದ್ಸಲ ಮೂವತ್ತೆಂಟು ಎಣಿಸೀನಿ. ಆಮ್ಯಾಲ ಬಾವ್ಯಾಗ ಬಿದ್ದವ ಮ್ಯಾಲ ಬಂದಂಗ ಬುಸ್ ಅಂದಿ."

"ನೀ ಎಚ್ಚರ ಇದ್ದೆಲ್ಲ ಚಾಚಾ, ಮಂದಿನ್ನ ಯಾಕ ಎಬ್ಬಿಸ್ಲಿಲ್ಲ?" ಎಂದು ಮುಕ್ತಿಯಾರ್ ಕೇಳಿದ.

"ಎಣಿಕಿ ತಪ್ತಿತ್ತು."

ಮನೆಗೆ ಬಂದು ಮುಕ್ತಿಯಾರ್ ಇದನ್ನೊಂದು ಕಾಮಿಡಿ ಸೀನು ಮಾಡಿ ಹೆಂಡತಿಗೆ ಹೇಳಿದ. ಶಾಹೀಸ್ತಾ ಹೊಲಿಗೆ ಮಷಿನ್ನಿನ ಮೇಲಿಂದ ಕಣ್ಣೆತ್ತಲಿಲ್ಲ.

"ಮೂವತ್ತೆಂಟು ಏನೂ ಅಲ್ಲ," ಎಂದಳು. "ನಾ ಐವತ್ತೊಂದು ತನಕ ಎಣಿಸೀನಿ."

ಅವನು ನಗುವುದನ್ನು ನಿಲ್ಲಿಸಿದ. ಅವಳು ದಾರ ಕಡಿದು ಮುಂದುವರಿಸಿದಳು. "ನಾಕು ವರ್ಷ ಆತು. ನಿನ್ನ ಎದಿ ಮ್ಯಾಲ ಕೈ ಇಟ್ಕೊಂಡ ಮಲಗ್ತೀನಿ. ನಿಂತ ಕೂಡ್ಲೇ ತಿವೀತೀನಿ. ನೀ ಬುಸ್ ಅಂತಿ. ಮತ್ತ ಮಲಗ್ತೀನಿ. ನೀ ಬೆಳಿಗ್ಗೆ ಎದ್ದು, ಪಕ್ಕಿ ಯಾಕ ನೋಯ್ತಾವು ಅಂತ ನನ್ನೇ ಕೇಳ್ತಿ."

ಸಿಟ್ಟು ಬಂದರೆ ಶಾಹೀಸ್ತಾ ದಖ್ಖನಿ ಉರ್ದುವಿಗೆ ಹೊರಳುತ್ತಿದ್ದಳು. ಸಿಟ್ಟು ಮಿತಿ ಮೀರಿದರೆ ಮತ್ತೆ ಕನ್ನಡಕ್ಕೆ ಬರುತ್ತಿದ್ದಳು. ಅವತ್ತು ಅವಳು ಮೊದಲಿನಿಂದ ಕೊನೆಯವರೆಗೂ ಕನ್ನಡದಲ್ಲೇ ಇದ್ದಳು.

ಹಬ್ಬ ಮುಗಿದ ಮೇಲೆ ಪರೀಕ್ಷೆ ಆಯಿತು. ರಾತ್ರಿಯಿಡೀ ಬೆರಳಿಗೊಂದು ಚಿಮುಟ, ಮೂಗಿಗೊಂದು ಕೊಳವೆ, ಎದೆಗೊಂದು ಪಟ್ಟಿ ಕಟ್ಟಿಕೊಂಡು ಮಲಗಿದ. ತಾಸಿಗೆ ನಲವತ್ತೆರಡು ಸಲ ಉಸಿರು ಕಟ್ಟುತ್ತದೆ ಎಂದು ಚೀಟಿ ಬಂತು. ರೋಗದ ಹೆಸರು ಸ್ಲೀಪ್ ಅಪ್ನಿಯಾ. ಹೆಸರು ಕೇಳಿ ಮುಕ್ತಿಯಾರನಿಗೆ ಮೊದಲು ಸಂತೋಷವೇ ಆಯಿತು. ಯಾವುದೋ ಹೀರೋಯಿನ್ ಹೆಸರಿನ ಹಾಗಿತ್ತು.

ಮೊದಲ ಮದ್ದು ಒಂದು ಗಾಳಿ ಮಷಿನ್ನು. ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗಿದರೆ ಅದು ಗಂಟಲಿಗೆ ಗಾಳಿ ತಳ್ಳಿ ದಾರಿ ತೆರೆದಿಡುತ್ತದೆ. ಬಹಳ ಮಂದಿಗೆ ಅಷ್ಟರಲ್ಲೇ ಕೆಲಸ ಮುಗಿಯುತ್ತದಂತೆ. ಮುಕ್ತಿಯಾರ್ ಮಾಸ್ಕ್ ಹಾಕಿಕೊಂಡ ಮೊದಲ ದಿನ ಕನ್ನಡಿ ಮುಂದೆ ನಿಂತು ಶತ್ರು ದೇಶಕ್ಕೆ ಎಚ್ಚರಿಕೆ ಕೊಟ್ಟ. ಎರಡನೇ ದಿನದಿಂದ ನಿದ್ದೆಯಲ್ಲೇ ಅದನ್ನು ಕಿತ್ತೆಸೆಯತೊಡಗಿದ. ಮಾಸ್ಕ್ ಬದಲಿಸಿದರು, ಪಟ್ಟಿ ಬದಲಿಸಿದರು, ಗಾಳಿ ಕಡಿಮೆ ಮಾಡಿದರು. ಮೂರು ತಿಂಗಳಾದರೂ ಪ್ರತಿ ಬೆಳಿಗ್ಗೆ ಮಾಸ್ಕ್ ಒಂದೊಂದು ಕಡೆ ಸಿಗುತ್ತಿತ್ತು. ಒಮ್ಮೆ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು. ಅಲ್ಲಿಗೆ ಹೇಗೆ ಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ.

ಕೊನೆಗೆ ಸಿಂಧನೂರಿನ ಡಾಕ್ಟರು ಅವರನ್ನು ಲಿಂಗಸುಗೂರಿಗೆ ಕಳಿಸಿದರು. ಅಲ್ಲಿ ಪ್ರತಿ ಗುರುವಾರ ದವಡೆಯ ಆಪರೇಷನ್ ಮಾಡುವ ಡಾಕ್ಟರ್ ಮೇಘಾ ಕೂರುತ್ತಿದ್ದರು. ಆಪರೇಷನ್ ಮಾಡುವುದು ಬಳ್ಳಾರಿಯಲ್ಲಿ; ಹೆದರಿಕೆ ಬಿಡಿಸುವುದು ಲಿಂಗಸುಗೂರಿನಲ್ಲಿ.

"ಗಡ್ಡ ಯಾಕ ಬಿಟ್ಟೀರಿ?" ಎಂದು ಡಾಕ್ಟರ್ ಮೊದಲಿಗೆ ಕೇಳಿದರು.

"ಸ್ಟೈಲ್ ಮೇಡಂ."

"ಗದ್ದ ಇಲ್ಲಲ್ರೀ, ಅದಕ್ಕ," ಎಂದಳು ಶಾಹೀಸ್ತಾ.

ಡಾಕ್ಟರ್ ಗಡ್ಡದೊಳಗೆ ಎರಡು ಬೆರಳು ಹಾಕಿ ಗದ್ದ ಹುಡುಕಿದರು. ಸಿಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ದವಡೆ ಎತ್ತಿಕೊಂಡರು.

"ನೋಡ್ರಿ, ಸಣ್ಣ ಖೋಲ್ಯಾಗ ದೊಡ್ಡ ಬೀರು ಇಟ್ಟಂಗ ಆಗೇತಿ. ನಿಮ್ಮ ದವಡಿ ಹಿಂದಕ್ಕೈತಿ, ನಾಲಿಗಿಗೆ ಜಾಗಿಲ್ಲ. ಮಲಗಿದಾಗ ನಾಲಿಗಿ ಹಿಂದ ಸರಿದು ಗಂಟಲ ಮುಚ್ಚತೈತಿ. ಮ್ಯಾಲಿನ ದವಡಿ, ಕೆಳಗಿನ ದವಡಿ ಎರಡೂ ಕತ್ತರಿಸಿ ಸುಮಾರು ಒಂದು ಸೆಂಟಿಮೀಟರ್ ಮುಂದ ತಂದು ಪ್ಲೇಟ್ ಹಾಕಿ ಕೂಡಿಸ್ತೀವಿ. ನಾಲಿಗಿ ಮುಂದ ಬರತೈತಿ, ಹಿಂದ ದಾರಿ ಬಿಡತೈತಿ."

"ಕತ್ತರಿಸಿ ಅಂದ್ರ..."

"ಕತ್ತರಿಸಿ ಅಂದ್ರ ಕತ್ತರಿಸಿ. ನಿಮಗ ಎಚ್ಚರ ಇರಂಗಿಲ್ಲ."

"ಮುಖ ಬದಲಾಗ್ತೈತೇನ್ರಿ?"

"ಆಗ್ತೈತಿ. ಗದ್ದ ಕಾಣತೈತಿ."

"ಹೀರೋ ಥರಾ?"

"ಮನಷ್ಯಾರ ಥರಾ."

ಶಾಹೀಸ್ತಾ ಸೆರಗು ಬಾಯಿಗಿಟ್ಟುಕೊಂಡಳು. ಮುಕ್ತಿಯಾರ್ ಕುರ್ಚಿಯ ತುದಿಗೆ ಸರಿದ. ಅವನು ಬಂದದ್ದು ಒಂದೇ ಪ್ರಶ್ನೆ ಕೇಳಲು. ಇಷ್ಟು ಹೊತ್ತು ಅದರ ಸುತ್ತ ಸುತ್ತುತ್ತಿದ್ದ.

"ಮೇಡಂ, ನನ್ನ ದನಿ?"

ಡಾಕ್ಟರ್ ಪ್ಲಾಸ್ಟಿಕ್ ದವಡೆ ಕೆಳಗಿಟ್ಟರು. "ದನಿ ಹೋಗಂಗಿಲ್ಲ. ಆದ್ರ ಆರು ವಾರ ಹಲ್ಲಿಗೆ ರಬ್ಬರ್ ಹಾಕಿರ್ತೀವಿ, ಬಾಯಿ ಪೂರ್ತಿ ತೆರಿಯಾಕ ಆಗಂಗಿಲ್ಲ. ಗಂಜಿ, ಸಾರು, ಅಷ್ಟೇ ಊಟ. ಕೆಳಗಿನ ತುಟಿ, ಗದ್ದ ಜೋಮು ಹಿಡಿತಾವು, ತಿಂಗಳಾನುಗಟ್ಟಲೆ. ಕೆಲವರಿಗೆ ಒಂದಿಷ್ಟು ಜೋಮು ಹಂಗೇ ಉಳೀತೈತಿ. ತುಟಿ ಕೂಡಿಸಿ ಹೇಳೋ ಅಕ್ಷರ ಇರ್ತಾವಲ್ಲ, ಪ, ಬ, ಮ, ಅವು ಮೊದಮೊದಲ ಸರಿ ಬರಂಗಿಲ್ಲ."

"ಪ, ಬ, ಮ ಇಲ್ದ ಪ್ರಚಾರ ಹ್ಯಾಂಗ್ರಿ ಮೇಡಂ? ಬಂಪರ್ ಬಹುಮಾನ ಅಂತ ಹ್ಯಾಂಗ ಹೇಳ್ಲಿ?"

"ಕಲೀಬೇಕು."

"ಮೊದಲಿನಂಗ ಆಗ್ತೈತಿ ಅಂತ ಗ್ಯಾರಂಟಿ?"

"ಗ್ಯಾರಂಟಿ ಫ್ಯಾನಿಗೆ ಕೊಡ್ತಾರ್ರಿ. ಹತ್ತು ಮಂದ್ಯಾಗ ಎಂಟು-ಒಂಬತ್ತು ಮಂದಿಗೆ ಉಸಿರಿನ ತಕ್ಲೀಫು ಬಹಳ ಕಡಿಮಿ ಆಗ್ತೈತಿ. ದನಿ ಬಗ್ಗೆ, ನೀವು ಮೈಕಿನ ಮನಷ್ಯಾ, ನಿಮಗ ನಾ ಸುಳ್ಳು ಆಣಿ ಮಾಡಂಗಿಲ್ಲ. ಮಾಡಿಸ್ಕೊಳ್ಳಾಕಬೇಕು ಅಂತ ಜುಲುಮಿ ಇಲ್ಲ. ಯೋಚ್ನಿ ಮಾಡ್ರಿ. ಬಿಪಿ ಈಗಾಗ್ಲೇ ಏರೇತಿ, ಅದು ತಲ್ಯಾಗ ಇರ್ಲಿ. ಅಲ್ಲೀತನಕ ಗಾಡಿ ಮಾತ್ರ ಓಡಿಸಬ್ಯಾಡ್ರಿ."

ಹೊರಡುವಾಗ ಡಾಕ್ಟರ್ ಮುಕ್ತಿಯಾರನ ಕೆಳದವಡೆಯನ್ನು ಬೆರಳಿನಿಂದ ಹಿಡಿದು ಮುಂದಕ್ಕೆ ಎಳೆದು ಶಾಹೀಸ್ತಾಳಿಗೆ ತೋರಿಸಿದರು. ಇಷ್ಟೇ, ಇಷ್ಟು ಮುಂದೆ ಬರುತ್ತದೆ ಎಂದರು. ಶಾಹೀಸ್ತಾ, ಅಂಗಡಿಯವನು ತೂಕ ಮಾಡುವಾಗ ತಕ್ಕಡಿ ನೋಡುವಂತೆ, ಅದನ್ನು ಬಗ್ಗಿ ನೋಡಿಕೊಂಡಳು.

ಬಸ್ಸು ಲಿಂಗಸುಗೂರು ದಾಟುವುದರೊಳಗೆ ಮುಕ್ತಿಯಾರನಿಗೆ ನಿದ್ದೆ ಬಂತು. ಗೊರಕೆ ಶುರುವಾಯಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಆಮೇಲೆ ಗೊರಕೆ ನಿಂತಿತು, ಉಸಿರೂ ನಿಂತಿತು. ಶಾಹೀಸ್ತಾ ತಿವಿಯಲು ಮೊಣಕೈ ಎತ್ತಿದವಳು ಹಾಗೇ ತಡೆದು, ಎರಡು ಬೆರಳಿನಲ್ಲಿ ಅವನ ದವಡೆ ಹಿಡಿದು, ಡಾಕ್ಟರ್ ತೋರಿಸಿದಷ್ಟೇ ಮುಂದಕ್ಕೆ ಎಳೆದಳು.

ಉಸಿರು ಬಂತು. ಬುಸ್ ಎನ್ನಲಿಲ್ಲ, ಬಾವಿಯಿಂದ ಎದ್ದ ಹಾಗಿರಲಿಲ್ಲ. ಮಲಗಿದ ಕೂಸಿನ ಉಸಿರಿನ ಹಾಗೆ ಬಂತು, ಹೋಯಿತು, ಮತ್ತೆ ಬಂತು. ಬೆರಳು ಸಡಿಲಿಸಿದಳು, ಗೊರಕೆ. ಎಳೆದಳು, ಮೌನ. ಮೂರು ಸಲ ಮಾಡಿ ನೋಡಿದಳು. ಆಮೇಲೆ ಬಿಡಲಿಲ್ಲ. ಗಂಡನ ಗದ್ದ ಹಿಡಿದು ಕುಳಿತ ಹೆಂಗಸನ್ನು ಬಸ್ಸಿನವರೆಲ್ಲ ನೋಡಿದರು. ಕಂಡಕ್ಟರ್ ಟಿಕೆಟ್ ಕೊಡಲು ಬಂದವನು, ಏನು ಕೇಳುವುದೆಂದು ತಿಳಿಯದೆ, ಚಿಲ್ಲರೆ ಕೂಡ ಕೇಳದೆ ಹೋದ.

ಮಸ್ಕಿಯಲ್ಲಿ ಅವನಿಗೆ ಎಚ್ಚರವಾಯಿತು. "ಭಾರಿ ನಿದ್ದಿ ಬಂತಲ್ಲೇ," ಎಂದ. "ತಲಿ ಹಗುರಾಗೇತಿ. ಎಷ್ಟೋ ವರ್ಷ ಆಗಿತ್ತು ಹಿಂಗ ಮಲಗಿ."

ಅವಳು ಸೆಟೆದುಹೋದ ಕೈಯನ್ನು ಜಾಡಿಸಿದಳು. "ಲಿಂಗಸುಗೂರಿಂದ ಮಸ್ಕಿ ತನಕ ನಾ ಹಿಡ್ದೀನಿ. ಮುಂದ ಪ್ಲೇಟ್ ಹಿಡೀಲಿ."

"ಯೋಚ್ನಿ ಮಾಡ್ತೀನಿ."

"ಮಾಡು."

ಮುಕ್ತಿಯಾರ್ ನಿಜವಾಗಿಯೂ ಯೋಚನೆ ಮಾಡಿದ. ಮಾಡಿಸಿಕೊಳ್ಳಬೇಕೋ ಬೇಡವೋ ಎಂಬುದು ಬಗೆಹರಿಯಲಿಲ್ಲ. ಮಾಡಿಸಿಕೊಂಡರೆ ಆ ಆರು ವಾರ ಏನು ಗತಿ ಎಂಬುದು ಮಾತ್ರ ಥಟ್ಟನೆ ಬಗೆಹರಿಯಿತು: ಎಲ್ಲವನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟುಬಿಡುವುದು. ಆಪರೇಷನ್ನಿನ ದೊಡ್ಡ ಪ್ರಶ್ನೆ ಬಿಟ್ಟು ಈ ಸಣ್ಣ ಪ್ರಶ್ನೆಯ ಮೇಲೆ ಅವನು ಜೀವ ಬಿಟ್ಟು ದುಡಿದ.

ಅಟ್ಟದ ಮೇಲೆ, ಹೊರಗಿನ ಸದ್ದು ಬಾರದಂತೆ, ಹೊದೆಯುವ ಮೂರು ಕೌದಿ ಕಟ್ಟಿ ಸ್ಟುಡಿಯೋ ಮಾಡಿದ. ಸೀರೆ ಆಫರು, ಚಪ್ಪಲಿ ಆಫರು, ಕರೆಂಟು ಹೋಗುತ್ತದೆ, ನೀರು ಬರುವುದಿಲ್ಲ, ಕಾಲುವೆಗೆ ನೀರು ಬಿಟ್ಟಿದ್ದಾರೆ ಮಕ್ಕಳನ್ನು ಇಳಿಸಬೇಡಿ. ಆಡು ಕಳೆದಿದೆ ಎಂಬುದನ್ನು ಕಪ್ಪು, ಬಿಳಿ, ಮಚ್ಚೆ ಎಂದು ಮೂರು ಥರ ಹೇಳಿದ. ಊರಿನ ಹೆಸರು ಬೇರೆ, ಹೊತ್ತು ಬೇರೆ ಹೇಳಿ ಇಟ್ಟುಕೊಂಡ. ಸಾಲಗುಂದ, ಮುಕ್ಕುಂದ, ಮಧ್ಯಾಹ್ನದ ಜೊಹರ್ ನಮಾಜಿನ ನಂತರ, ಸಂಜೆ ಐದು ಗಂಟೆಗೆ. ಬೇಕಾದದ್ದನ್ನು ಬೇಕಾದದ್ದಕ್ಕೆ ಜೋಡಿಸಿದರೆ ಆಯಿತು.

ಸುದ್ದಿ ತಿಳಿದು ಪೀರ್‌ಸಾಬ್ ಏಣಿ ಹತ್ತಿ ಅಟ್ಟಕ್ಕೆ ಬಂದ. ಎಪ್ಪತ್ತಾರು ವರ್ಷದವನು, ಏಣಿಗೆ ಹನ್ನೆರಡು ಮೆಟ್ಟಿಲೆಂದು ಮೊದಲು ಹೇಳಿ ಆಮೇಲೆ ಕುಳಿತ.

"ಆ ಆರು ವಾರದಾಗ ನಾ ಹೋದ್ರ ಹ್ಯಾಂಗಲೇ?"

"ನೀ ಎಲ್ಲಿ ಹೋಗ್ತಿ ಚಾಚಾ? ಹೀರೋ ಸಾಯಂಗಿಲ್ಲ, ಪಾರ್ಟ್ ಟೂ ಇರ್ತೈತಿ."

"ಚ್ಯಾಷ್ಟಿ ಬಿಡು. ನೀ ಇಲ್ಲಾಂದ್ರ ಆ ಮುಜಾಹಿದ್ ಬರ್ತಾನ ಮೈಕ್ ತೊಗೊಂಡು. ಅವಗ ಮಯ್ಯತ್ತಿನ ಸುದ್ದೀನೂ ಒಂದೇ, ಸಾಬೂನಿನ ಸುದ್ದೀನೂ ಒಂದೇ. ನಂದು ನಿನ್ನ ದನಿಯಾಗೇ ಆಗ್ಬೇಕು. ಈಗ್ಲೇ ಹೇಳಿ ಇಟ್ಬಿಡು."

ಮುಕ್ತಿಯಾರ್ ಮೈಕು ಹಿಡಿದು, ಸಿನಿಮಾ ಬಿಟ್ಟು, ಸಾದಾ ದನಿಯಲ್ಲಿ ಶುರುಮಾಡಿದ: "ಬಂಧುಗಳೇ, ಅಕ್ಕಿ ಮಿಲ್ಲಿನ ಪೀರ್‌ಸಾಬ್ ಅವರು ಇಂದು ಇಂತೆಕಾಲ್ ಆಗಿದ್ದಾರೆ..."

"ತಡಿ. ದಾನಿಗಳಾದ ಪೀರ್‌ಸಾಬ್ ಅನ್ನು."

"ಯಾರಿಗೇನ್ ದಾನ ಮಾಡೀ ಚಾಚಾ?"

"ಇನ್ನಾ ಟೈಮ್ ಐತೆಲ್ಲ."

ಮಕ್ಕಳ ಹೆಸರು ಬಂದಾಗ ಮತ್ತೆ ತಡೆದ. "ಮಸ್ಕಿ ಫಿರ್ದೋಸ್ ಹೆಸರು ಮೊದಲ ಹೇಳು. ದೊಡ್ಡಾವಂದು ಕೊನಿಗೆ ಹೇಳು. ಎರಡು ತಿಂಗಳಾತು, ಫೋನ್ ಮಾಡಿಲ್ಲ."

ರೆಕಾರ್ಡ್ ಮುಗಿದ ಮೇಲೆ ಪೀರ್‌ಸಾಬ್ ಕಣ್ಣು ಮುಚ್ಚಿ ಅದನ್ನು ಮೂರು ಸಲ ಕೇಳಿದ. ಮೂರನೇ ಸಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಚಲೋ ಮನಷ್ಯಾ ಇದ್ನಪಾ," ಎಂದು ಎದ್ದುಹೋದ. ವಾರದೊಳಗೆ ಇನ್ನೂ ನಾಲ್ವರು ಮುದುಕರು ಏಣಿ ಹತ್ತಿದರು.

ಅಷ್ಟರಲ್ಲಿ ಮಸ್ಕಿಯ ಸಂತೆ ದಿನ ಬಂತು. ಅಲ್ಲಿ ರಾಜೇಶ ಎಂಬುವನು ಹೊಸ ಸೀರೆ ಅಂಗಡಿ ಹಾಕಿದ್ದ, ಪ್ರಚಾರಕ್ಕೆ ಹೇಳಿದ್ದ. ಡಾಕ್ಟರ್ ಗಾಡಿ ಓಡಿಸಬೇಡಿ ಎಂದಿದ್ದರು ನಿಜ. ಆಟೋ ಗಾಡಿಯಲ್ಲ, ಆಫೀಸು ಎಂಬುದು ಮುಕ್ತಿಯಾರನ ವಾದ. ಶಾಹೀಸ್ತಾಳಿಗೆ ಈ ವಾದ ಒಪ್ಪದ ಕಾರಣ ಅವಳು ಬಾವಿಗೆ ಹೋದಾಗ ಹೊರಟ. ರೆಕಾರ್ಡು ಹೇಗೆ ಕೇಳುತ್ತದೆಂದು ನೋಡುವ ಆಸೆಯೂ ಇತ್ತು. ಸಂತೆಯ ಬಾಯಲ್ಲಿ ಬೇವಿನ ಮರದ ಕೆಳಗೆ ಆಟೋ ನಿಲ್ಲಿಸಿ, ಪೆನ್‌ಡ್ರೈವ್ ಸಿಗಿಸಿ, ಸೀರೆ ಆಫರು ಹಚ್ಚಿದ. ಹಚ್ಚಿದ್ದೇ ಮತ್ತೆ ಮತ್ತೆ ಬರಲು ಇನ್ನೊಂದು ಗುಂಡಿ ಒತ್ತಬೇಕಿತ್ತು. ಅದನ್ನು ಒತ್ತುವ ಮೊದಲು ಒಂದು ಕ್ಷಣ ತಲೆ ಹಿಂದಕ್ಕೆ ಒರಗಿಸಿದ.

ಸೀರೆ ಆಫರು ಮುಗಿಯಿತು. ಪೆನ್‌ಡ್ರೈವ್ ಮುಂದಿನ ಫೈಲಿಗೆ ಹೋಯಿತು.

"ಬಂಧುಗಳೇ," ಎಂದಿತು ಸ್ಪೀಕರು. "ಅಕ್ಕಿ ಮಿಲ್ಲಿನ, ದಾನಿಗಳಾದ ಪೀರ್‌ಸಾಬ್ ಅವರು ಇಂದು ಇಂತೆಕಾಲ್ ಆಗಿದ್ದಾರೆ. ಮಸ್ಕಿಯ ಫಿರ್ದೋಸ್ ಅವರ ತಂದೆ..."

ಫಿರ್ದೋಸ್ ಅದೇ ಸಂತೆಯಲ್ಲಿ, ಆಟೋದಿಂದ ಐವತ್ತು ಹೆಜ್ಜೆ ದೂರ ಬಳೆ ಮಾರುತ್ತಿದ್ದಳು. ಬಳೆಯ ಗೊಂಚಲು ಕೈಯಲ್ಲಿ ಹಿಡಿದುಕೊಂಡೇ ಓಡಿದಳು. ಅಪ್ಪನಿಗೆ ಒಂದು ಫೋನ್ ಮಾಡಬಹುದಿತ್ತು ಎಂದು ಆಮೇಲೆ ಹಲವರು ಹೇಳಿದರು. ಆದರೆ ಮುಕ್ತಿಯಾರನ ಸಾದಾ ದನಿಯಲ್ಲಿ ಬಂದ ಸಾವನ್ನು ಆ ಸೀಮೆಯಲ್ಲಿ ಯಾರೂ ಫೋನ್ ಮಾಡಿ ಖಾತ್ರಿ ಮಾಡಿಕೊಂಡದ್ದಿಲ್ಲ. ಇಬ್ಬರು ಆಟೋಕ್ಕೆ ಬಂದು ಜನಾಜಾ ಎಷ್ಟು ಗಂಟೆಗೆಂದು ಕೇಳಿದರು. ಮುಕ್ತಿಯಾರ್ ಬಾಯಿ ತೆರೆದು, ತಲೆ ಹಿಂದಕ್ಕೆ ಚೆಲ್ಲಿ ಬಿದ್ದಿದ್ದ. ಪಾಪ, ದುಃಖಕ್ಕೆ ಹೀಗಾಗಿದೆ ಎಂದು ಮಾತಾಡಿಸದೆ ಹೋದರು. ಆಮೇಲೆ ಪೆನ್‌ಡ್ರೈವ್ ಚಪ್ಪಲಿ ಆಫರು ಹೇಳಿತು.

ಫಿರ್ದೋಸ್ ಮತ್ತು ಅವಳ ಕಡೆಯವರು ಒಂದು ಟೆಂಪೋದಲ್ಲಿ ಸಿಂಧನೂರು ಮುಟ್ಟಿದಾಗ ಪೀರ್‌ಸಾಬ್ ಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಗಡ್ಡ ಟ್ರಿಮ್ ಮಾಡಿಸುತ್ತಿದ್ದ. ಟೆಂಪೋದಿಂದ ಇಳಿದ ಅಳುವನ್ನು ನೋಡಿ, ಯಾರು ತೀರಿಕೊಂಡರು ಎಂದು ಕೇಳಿದ. ವಿಷಯ ತಿಳಿದ ಮೇಲೆ ತಲೆ ಎಣಿಸಿದ.

"ಹನ್ನೊಂದೇ ಮಂದಿ?" ಎಂದ. "ಮಸ್ಕ್ಯಾಗ ನನಗ ಇಷ್ಟ ಮಂದಿಯೇನು?"

ಫಿರ್ದೋಸ್ ಅಪ್ಪನ ಬೆನ್ನಿಗೆ ನಾಲ್ಕು ಗುದ್ದಿ, ಅದೇ ಬೆನ್ನಿಗೆ ಮುಖ ಹಚ್ಚಿ ಅತ್ತಳು. ಸಂಜೆ ಮುಕ್ತಿಯಾರ್ ಬರುವುದನ್ನು ಕಾದು ಅವನ ಮನೆಗೆ ಬಂದಳು. ಮುಕ್ತಿಯಾರ್ ಎರಡೂ ಕೈ ಮುಗಿದು, "ಅಕ್ಕಾ, ಮುಕ್ತಿಯಾರ್ ತಪ್ಪು ಮಾಡ್ಯಾನ, ಫೈಸಲಾ ನಿಂದು..." ಎಂದು ಡೈಲಾಗು ಎತ್ತಿದ. ಅವಳು ಕೈ ಎತ್ತಿ ನಿಲ್ಲಿಸಿದಳು.

"ಮಸ್ಕಿಯಿಂದ ಸಿಂಧನೂರ ತನಕ ನಮ್ಮಪ್ಪ ಸತ್ತಿದ್ದ, ಗೊತ್ತೈತೇನು?" ಎಂದಳು. "ಒಂದೊಂದು ಕಲ್ಲು ದಾಟಿದಂಗೆಲ್ಲ ಸತ್ತಿದ್ದ. ಅದು ಹ್ಯಾಂಗಿರ್ತೈತಿ ಅಂತ ನಿಮಗೆಲ್ಲಿ ಗೊತ್ತಾಗ್ಬೇಕು."

"ನನಗ ಗೊತ್ತೈತಿ," ಎಂದಳು ಶಾಹೀಸ್ತಾ, ಒಳಗಿನಿಂದ ಚಹಾ ತರುತ್ತ. ಫಿರ್ದೋಸ್ ಅವಳ ಮುಖ ನೋಡಿದಳು. ಚಹಾ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಶಾಹೀಸ್ತಾ ಪೆನ್‌ಡ್ರೈವ್ ಕೈಗೆ ತೆಗೆದುಕೊಂಡಳು. ಬದುಕಿದವರ ಸಾವನ್ನೆಲ್ಲ ಅಳಿಸುವವರೆಗೆ ಅದು ಮನೆ ಬಿಟ್ಟು ಹೊರಡುವಂತಿಲ್ಲ ಎಂದಳು. ಅಟ್ಟದ ಮೇಲೆ ಕೌದಿಗಳ ನಡುವೆ ಇಬ್ಬರೂ ಕುಳಿತರು. ಅವಳು ಅದನ್ನು ಫೋನಿಗೆ ಸಿಗಿಸಿ ಒಂದೊಂದೇ ಕೇಳಿ ಅಳಿಸಿದಳು. ಪೀರ್‌ಸಾಬ್ ಹೋದ. ನಾಲ್ವರು ಮುದುಕರು ಹೋದರು. ಹೆಸರಿಲ್ಲದ ಇನ್ನೊಂದು ಫೈಲ್ ಉಳಿದಿತ್ತು.

"ಅದು ಬ್ಯಾಡ, ಖಾಲಿ ಐತಿ," ಎಂದ ಮುಕ್ತಿಯಾರ್, ಸ್ವಲ್ಪ ಬೇಗನೇ.

ಅವಳು ಒತ್ತಿದಳು.

"ಬಂಧುಗಳೇ, ಪ್ರಚಾರದ ಆಟೋದ ಮುಕ್ತಿಯಾರ್ ಅವರು ಇಂದು ಇಂತೆಕಾಲ್ ಆಗಿದ್ದಾರೆ. ಶಾಹೀಸ್ತಾ ಅವರ ಗಂಡ. ಮಕ್ಕಳಿರಲಿಲ್ಲ. ಯಾರಿಗಾದರೂ ಚ್ಯಾಷ್ಟಿ ಮಾಡಿ ನೋಯಿಸಿದ್ದರೆ ಮಾಫ್ ಮಾಡಬೇಕು. ಆಟೋ ಶಾಹೀಸ್ತಾ ಅವರದು. ಸ್ಪೀಕರನ್ನು ಮುಜಾಹಿದ್‌ಗೆ ಕೊಡಬಾರದು."

ಕೌದಿಗಳು ದನಿಯನ್ನು ಒಳಗೇ ಇಟ್ಟುಕೊಂಡವು. ಶಾಹೀಸ್ತಾ ಫೋನು ಕೆಳಗಿಟ್ಟಳು.

"ಯಾವಾಗ ಮಾಡೀ ಇದನ್ನ?"

"ಲಿಂಗಸುಗೂರಿಂದ ಬಂದ ಮರುದಿನ. ಮೊದಲ ಇದೇ ಮಾಡೀನಿ." ಅವನು ಕೌದಿಯ ದಾರ ಎಳೆಯುತ್ತಿದ್ದ. "ಆಪರೇಷನ್ ಅಂದ್ರ ಮೂರ್ನಾಕು ತಾಸು ಬೇಹೋಷಿ. ಏಳಲಿಲ್ಲಾಂದ್ರ? ಯಾರರೆ ಹೇಳ್ಬೇಕಲ್ಲ. ಉಳಿದವರು ಸುಮಾರು ಹೇಳ್ತಾರ."

"ಇದು ಆಪರೇಷನ್ನ್ಯಾಗ ಸತ್ರ ಹಚ್ಚೋದು."

"ಹೂಂ."

"ಮಾಡಿಸ್ಕೊಳ್ಳದ ಸತ್ರ ಹಚ್ಚೋದು ಎಲ್ಲೈತಿ?"

ಅವನು ಕೆಲಸದ ಮನುಷ್ಯನಂತೆ ಯೋಚಿಸಿದ. ಯಾವ ಮಾತು ತೆಗೆಯಬೇಕು, ಯಾವುದು ಸೇರಿಸಬೇಕೆಂದು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡ.

"ಅದಕ್ಕ ಬ್ಯಾರೆ ಬೇಕಾಗಿಲ್ಲ," ಎಂದ. "ಇದೇ ನಡೀತೈತಿ. ಏನೂ ಬದಲಿ ಮಾಡೋದು ಬ್ಯಾಡ."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ಕೇಳಿಸಿತು. ಶಾಹೀಸ್ತಾ ನಗಲಿಲ್ಲ. ಅವನೂ ಚಪ್ಪಾಳೆಗೆ ಕಾಯಲಿಲ್ಲ. ಕೆಳಗೆ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರ್ ಒಂದು ಹೋಯಿತು. ಅಟ್ಟ ಸ್ವಲ್ಪ ನಡುಗಿ ಸುಮ್ಮನಾಯಿತು.

"ದನಿ ಹೋದ್ರ?" ಎಂದು ಕೇಳಿದ. ಅವನ ದನಿಯಲ್ಲಿ ವಿಲನ್ ಇರಲಿಲ್ಲ, ಹೀರೋನೂ ಇರಲಿಲ್ಲ.

"ಸೀರಿ ಅಂಗಡಿಯಾವ ಹುಡುಕ್ತಾನ ನಿನ್ನ ದನಿ," ಎಂದಳು ಶಾಹೀಸ್ತಾ. "ನಾ ಉಸಿರು ಹುಡುಕ್ತೀನಿ. ಇಬ್ಬರಾಗ ಯಾರ ಕೆಲ್ಸ ಮೊದಲಂತ ನೀನೇ ಹೇಳು."

ಅವನು ಫೋನ್ ತೆಗೆದು ಲಿಂಗಸುಗೂರಿಗೆ ಹಚ್ಚಿದ. ಅವತ್ತು ಗುರುವಾರವೇ ಆಗಿತ್ತು. ಡಾಕ್ಟರ್ ಮೇಘಾ ತಾವೇ ಎತ್ತಿಕೊಂಡರು.

"ಯೋಚ್ನಿ ಮುಗೀತೇನ್ರಿ?"

"ಇಲ್ರಿ ಮೇಡಂ. ಅದು ಮುಗಿಯಂಗಿಲ್ಲ. ತಾರೀಖು ಹಾಕ್ರಿ."

ಡಾಕ್ಟರ್ ತಾರೀಖು ಹುಡುಕುವವರೆಗೆ ಮುಕ್ತಿಯಾರ್ ಫೋನ್ ಕಿವಿಗೆ ಹಿಡಿದು ಕಾಯ್ದ. ಶಾಹೀಸ್ತಾ ಏಣಿ ಇಳಿದು ಅಡುಗೆಮನೆಗೆ ಹೋಗಿ, ಮಿಕ್ಸಿಯ ದೊಡ್ಡ ಜಾರು ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಬ್ಲೇಡು ಸವೆದಿತ್ತು. ಆರು ವಾರದ ಗಂಜಿಗೆ ಹೊಸದು ಹಾಕಿಸಬೇಕಿತ್ತು.